ಒಂದು ಚಿಟಿಕೆ ಧೂಪ, ಒಂದು ಹಿಡಿ ಅಕ್ಕಿ

ರೋಮನ್ ಸಾಮ್ರಾಜ್ಯದ ಪ್ರಾಂತ್ಯಾಧಿಕಾರಿಗಳ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಕನಿಕರ. ಸೆಮಿನಾರುಗಳಲ್ಲಿ ಹೀಗೆ ಹೇಳಿದರೆ ಜನ ನಗುತ್ತಾರೆ, ಜೋಕು ಅಂದುಕೊಳ್ಳುತ್ತಾರೆ. ಜೋಕಲ್ಲ. ಕ್ರೈಸ್ತರನ್ನು ಸಿಂಹದ ಬಾಯಿಗೆ ಹಾಕಿದವರು ಎಂದು ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಆದರೆ ಆ ಕಾಲದ ವಿಚಾರಣೆಯ ದಾಖಲೆಗಳನ್ನು ಕೂತು ಓದಿದರೆ ಕಾಣುವ ಮನುಷ್ಯ ಬೇರೆ. ಬೆಳಿಗ್ಗೆಯಿಂದ ಜಮೀನಿನ ತಗಾದೆ ಕೇಳಿ ತಲೆ ಚಿಟ್ಟು ಹಿಡಿದ ಒಬ್ಬ ಅಧಿಕಾರಿ. ಅವನ ಎದುರು ನೆರೆಕರೆಯವರು ಎಳೆದು ತಂದು ನಿಲ್ಲಿಸಿದ ಒಬ್ಬ ಕ್ರೈಸ್ತ. ಅಧಿಕಾರಿ ಕೇಳುವುದು ಇಷ್ಟೇ: ಚಕ್ರವರ್ತಿಯ ಮೂರ್ತಿಯ ಮುಂದೆ ಒಂದು ಚಿಟಿಕೆ ಧೂಪ ಹಾಕು, ಮನೆಗೆ ಹೋಗು, ಮನಸ್ಸಿನಲ್ಲಿ ಯಾರನ್ನು ಬೇಕಾದರೂ ಇಟ್ಟುಕೋ. ಆ ಮನುಷ್ಯ ಆಗುವುದಿಲ್ಲ ಅನ್ನುತ್ತಾನೆ. ನಿನ್ನ ವಯಸ್ಸು ನೋಡು, ಮಕ್ಕಳ ಮುಖ ನೋಡು. ಆಗುವುದಿಲ್ಲ. ಯೋಚನೆ ಮಾಡಲಿಕ್ಕೆ ಇನ್ನೂ ಸಮಯ ಬೇಕೋ? ಬೇಡ. ಕೊನೆಗೆ ಆಗಬಾರದ್ದು ಆಗುತ್ತದೆ. ಅದನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಆ ಅಧಿಕಾರಿ ಸಂಜೆ ಮನೆಗೆ ಹೋಗಿ ಹೆಂಡತಿಯ ಹತ್ತಿರ, ಒಂದು ಚಿಟಿಕೆ ಹಾಕಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ಹಲುಬಿರುತ್ತಾನೆ ಎಂದು ನನಗೆ ಅನಿಸುತ್ತದೆ.

ಬಜಪೆಯ ತುಳು ಮನೆಯಲ್ಲಿ ಹುಟ್ಟಿ, ದೈವ, ನಾಗ ಎಂದು ಕೈಮುಗಿದು ಬೆಳೆದ ಹೆಂಗಸಿಗೆ ಈ ರೋಮು, ಈ ಯೇಸು ಎಲ್ಲಿಂದ ಗಂಟುಬಿದ್ದವು ಎಂದು ಕೇಳದವರಿಲ್ಲ. ನಾನು ಮದುವೆಯಾಗದೆ ಉಳಿದದ್ದಕ್ಕೂ ಅದೇ ಕಾರಣ ಎಂದು ನೆಂಟರಲ್ಲಿ ಒಂದು ಪಕ್ಷ ಉಂಟು. ಮಂಗಳೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ಈಗ ನಿವೃತ್ತಳಾಗಿದ್ದೇನೆ. ಜೆಪ್ಪುವಿನಲ್ಲಿ ಒಂದು ಸಣ್ಣ ಫ್ಲಾಟು, ಅದರ ತುಂಬ ಪುಸ್ತಕ. ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಿಜವಾದ ಉತ್ತರ ನಮ್ಮ ಮನೆಯ ತಂಬಿಲ.

ತಂಬಿಲ ಎಂದರೆ ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಮೂಲಮನೆಯಲ್ಲಿ ಸೇರಿ ಮನೆಯ ದೈವಗಳಿಗೆ ಕೊಡುವ ಸೇವೆ. ಅಲ್ಲಿ ನಿನಗೆ ನಂಬಿಕೆ ಉಂಟಾ ಎಂದು ಯಾರೂ ಕೇಳುವುದಿಲ್ಲ. ಬಂದಿದ್ದೀಯಾ, ಕೈಯಲ್ಲಿ ಅಕ್ಕಿ ಹಿಡಿದಿದ್ದೀಯಾ, ಅಷ್ಟೆ. ಒಬ್ಬ ಬಾರದಿದ್ದರೆ ದೋಷ ಅವನೊಬ್ಬನಿಗಲ್ಲ, ಇಡೀ ಮನೆಗೆ. ಮುಂದಿನ ವರ್ಷ ಯಾರದ್ದೋ ಕಾಲು ಮುರಿದರೆ, ಯಾರದ್ದೋ ವೀಸಾ ಕ್ಯಾನ್ಸಲ್ ಆದರೆ, ಎಲ್ಲರ ಕಣ್ಣೂ ಬಾರದವನ ಕಡೆಗೆ. ರೋಮಿನಲ್ಲೂ ಹೀಗೇ ಇತ್ತು. ಊರಿಗೆ ಪಿಡುಗು ಬಂದರೆ, ಭೂಮಿ ನಡುಗಿದರೆ, ದೇವರುಗಳಿಗೆ ಕೊಡದೆ ಕೂತ ಆ ನಾಲ್ಕು ಮನೆಯವರಿಂದಲೇ ಎಂದು ಊರವರು ಹೇಳುತ್ತಿದ್ದರು. ಬಹಳ ಕಾಲ ಕ್ರೈಸ್ತರನ್ನು ಹುಡುಕಿ ಹಿಡಿದದ್ದು ಚಕ್ರವರ್ತಿಯಲ್ಲ, ನೆರೆಕರೆ. ಇದನ್ನು ತರಗತಿಯಲ್ಲಿ ಹೇಳಿದಾಗ ನಮ್ಮ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತಿತ್ತು. "ಮೇಡಂ, ನಮ್ಮ ಮನೆಯಲ್ಲಿ ಸಹ ಹಾಗೇ," ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಹೇಳಿಯೇ ಹೇಳುತ್ತಿದ್ದರು.

ನಾನು ಬರೆದ ಒಂದೇ ಒಂದು ಪುಸ್ತಕ ನಡುವಿನವರ ಬಗ್ಗೆ. ಮೂರನೆಯ ಶತಮಾನದ ನಡುಭಾಗದಲ್ಲಿ ಒಬ್ಬ ಚಕ್ರವರ್ತಿ, ಸಾಮ್ರಾಜ್ಯದ ಪ್ರತಿಯೊಬ್ಬನೂ ದೇವರುಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟು ಪಡೆಯಬೇಕು ಎಂದು ಆಜ್ಞೆ ಹೊರಡಿಸಿದ. ಪ್ರಾಣ ಕೊಟ್ಟವರು ಸಂತರಾದರು. ಬಲಿ ಕೊಟ್ಟವರು ಪತಿತರಾದರು. ನನಗೆ ಇವರಿಬ್ಬರೂ ಬೇಕಾಗಿರಲಿಲ್ಲ. ಬಲಿ ಕೊಡದೆಯೇ ಗುಮಾಸ್ತನ ಕೈ ಬಿಸಿ ಮಾಡಿ ಸರ್ಟಿಫಿಕೇಟು ತಂದವರು, ತಮ್ಮ ಬದಲಿಗೆ ಕೆಲಸದಾಳನ್ನು ಕಳಿಸಿದವರು, ಅದೇ ವಾರ ಊರಿಗೆ ಹೋಗಿ ಕೂತವರು, ಇವರ ಬಗ್ಗೆ ಬರೆದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕಿದವರು. ಹೆಚ್ಚಿನವರು ಅಂಥವರೇ ಇದ್ದರು ಎಂದು ನನ್ನ ವಾದ. ಪುಸ್ತಕವನ್ನು ಹೆಚ್ಚು ಜನ ಓದಲಿಲ್ಲ, ಆದರೆ ನಮ್ಮ ಮನೆಯಲ್ಲಿ ಒಬ್ಬ ಓದಿದ.

ನನ್ನ ತಮ್ಮ. ಎಸಿ ರಿಪೇರಿ ಕೆಲಸಕ್ಕೆ ಗಲ್ಫಿಗೆ ಹೋದವನು ಅಲ್ಲಿ ಒಬ್ಬಳು ನರ್ಸನ್ನು ಮೆಚ್ಚಿದ. ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆಯ ಹುಡುಗಿ, ಊರು ನಮ್ಮದೇ. ಮದುವೆಗೋಸ್ಕರ ಇವನು ಬ್ಯಾಪ್ಟಿಸಮ್ ತೆಗೆದುಕೊಂಡ. ಮನೆಯಲ್ಲಿ ಗಲಾಟೆ ಆಯಿತು, ಮತ್ತೆ ತಣ್ಣಗಾಯಿತು. ಮದುವೆಗೋಸ್ಕರ ತಾನೇ, ಒಂದು ಮಗುವಾದರೆ ಎಲ್ಲ ಸರಿಯಾಗುತ್ತದೆ ಎಂದರು. ಸರಿಯಾಗಲಿಲ್ಲ. ಇವನು ಅದನ್ನು ಮನಸ್ಸಿಗೆ ತೆಗೆದುಕೊಂಡುಬಿಟ್ಟ. ಹುಟ್ಟಿನಿಂದ ಕ್ರಿಶ್ಚಿಯನ್ ಆದ ಅವನ ಹೆಂಡತಿ ಭಾನುವಾರ ಇಗರ್ಜಿಯಲ್ಲಿ ಕೂತು ಮಧ್ಯಾಹ್ನಕ್ಕೆ ಯಾವ ಮೀನು ಎಂದು ಯೋಚಿಸುವವಳು. ಹಾಗಂತ ಅವಳೇ ಹೇಳುತ್ತಾಳೆ. ಇವನು ಬೈಬಲಿನ ಅಂಚಿನಲ್ಲಿ ಪೆನ್ಸಿಲ್ ಗೀಟು ಹಾಕಿ ಓದುವವನು. ಗಲ್ಫು ಬಿಟ್ಟು ಬಂದ ಮೇಲೆ ಬಿಕರ್ನಕಟ್ಟೆಯ ಹತ್ತಿರ ಮನೆ ಮಾಡಿದರು. ತಂಬಿಲದ ದಿನ ಬಜಪೆಗೆ ಬರುತ್ತಿದ್ದ, ಆದರೆ ಗೇಟಿನ ಹೊರಗೆ ಸ್ಕೂಟರಿಗೆ ಒರಗಿ ನಿಲ್ಲುತ್ತಿದ್ದ.

ಆ ದಿನ ಕೋಳಿ ಪದಾರ್ಥ ಮಾಡಿ ಮೊದಲು ದೈವಕ್ಕೆ ಬಡಿಸಬೇಕು, ಆಮೇಲೆ ನಮಗೆ. ದೈವಕ್ಕೆ ಬಡಿಸಿದ್ದನ್ನು ಇವನು ಮುಟ್ಟುವುದಿಲ್ಲ. ಅಮ್ಮ ಮೊದಲ ವರ್ಷ ಒಂದಷ್ಟು ಅತ್ತಳು. ಎರಡನೆಯ ವರ್ಷ, ಬಡಿಸುವ ಮೊದಲೇ ಒಂದು ಟಿಫಿನ್ನಿನಲ್ಲಿ ಪದಾರ್ಥ ತೆಗೆದಿಟ್ಟು ಹಿತ್ತಲ ಬಾಗಿಲಿನಿಂದ ಅವನಿಗೆ ದಾಟಿಸಿದಳು. "ಇದು ಯಾರಿಗೂ ತೋರಿಸಿದ್ದಲ್ಲ, ತಿನ್ನು," ಎಂದಳಂತೆ. ಬಲಿ ಕೊಟ್ಟ ಮಾಂಸವನ್ನು ಕ್ರೈಸ್ತರು ತಿನ್ನಬಹುದೇ ಎಂದು ಮೊದಲ ತಲೆಮಾರಿನಲ್ಲಿ ಗ್ರೀಕ್ ಪಟ್ಟಣಗಳಲ್ಲಿ ಆದ ಜಗಳದ ಬಗ್ಗೆ ನಾನು ಒಂದು ಇಡೀ ಅಧ್ಯಾಯ ಬರೆದಿದ್ದೇನೆ. ಅಮ್ಮ ಆ ಜಗಳವನ್ನು ಒಂದು ಟಿಫಿನ್ನಿನಲ್ಲಿ ಮುಗಿಸಿದ್ದಳು. ನಾನು ಇದನ್ನು ಹೇಳಿದಾಗ ಅವಳು, "ನಿಮ್ಮ ರೋಮಿನವರಿಗೆ ಹಿತ್ತಲ ಬಾಗಿಲು ಇರ್ಲಿಲ್ವಾ?" ಎಂದು ಕೇಳಿದಳು.

ಅಮ್ಮನಿಗೆ ಕಿಡ್ನಿಯ ಕಾಯಿಲೆ. ಕೊನೆಯ ತಿಂಗಳುಗಳಲ್ಲಿ ನಾನು ಬಜಪೆಗೇ ಹೋಗಿ ಇದ್ದೆ. ಸಾಯುತ್ತೇನೆ ಎನ್ನುವುದು ಅವಳಿಗೆ ಗೊತ್ತಿತ್ತು, ಅದನ್ನು ಅವಳು ಮಂಗಳೂರಿಗೆ ಹೋಗಿ ಬರುತ್ತೇನೆ ಎನ್ನುವ ಹಾಗೆ ಮಾತಾಡುತ್ತಿದ್ದಳು. ಒಂದು ದಿನ ಗಂಜಿ ಕುಡಿಸುತ್ತಿದ್ದಾಗ ಹೇಳಿದಳು.

"ನನ್ನ ಬೊಜ್ಜದ ದಿನ ಅವನಿಗೆ ಯಾರೂ ಒತ್ತಾಯ ಮಾಡ್ಬಾರ್ದು. ನಿನ್ನ ಮಾವನಿಗೆ ಹೇಳಿಡು."

"ಆಯ್ತು."

"ಆದ್ರೆ ಅವ ಕರೆಯದಿದ್ರೆ ನಾನು ಒಳಗೆ ಬರುದಿಲ್ಲ. ಅಷ್ಟೆ."

"ಅಮ್ಮ, ಎರಡೂ ಒಟ್ಟಿಗೆ ಹೇಗಾಗ್ತದೆ?"

"ಅದು ನನಗೆ ಗೊತ್ತಿಲ್ಲ. ನೀನು ಓದಿದವಳಲ್ವಾ?"

ಬೊಜ್ಜ ಎಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ಅಲ್ಲಿಯವರೆಗೆ ಸತ್ತವರ ಜೀವ ಮನೆಯ ಹೊರಗೇ ಇರುತ್ತದೆ ಎಂದು ಲೆಕ್ಕ. ಆ ದಿನ ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಮೊದಲೇ ಹೋದ ಹಿರಿಯರಿಗೆಲ್ಲ ಬಡಿಸುತ್ತಾರೆ. ಆಮೇಲೆ ಮಕ್ಕಳು ಹಿಡಿ ಅಕ್ಕಿ ಹಿಡಿದು ಅಂಗಳಕ್ಕೆ ಇಳಿದು, ಒಳಗೆ ಬನ್ನಿ, ನಿಮ್ಮವರ ಜೊತೆ ಸೇರಿಕೊಳ್ಳಿ ಎಂದು ಸತ್ತವರನ್ನು ಕರೆಯುತ್ತಾರೆ. ಕರೆಯದಿದ್ದರೆ ಆ ಜೀವ ಅಂಗಳದಲ್ಲೇ ಉಳಿಯುತ್ತದೆ. ನಾನು ಇದನ್ನು ನಂಬುತ್ತೇನೆಯೇ ಎಂದು ಕೇಳಿದರೆ, ಇಲ್ಲ. ಆದರೆ ಅಮ್ಮ ನಂಬಿದ್ದಳು.

ಅಮ್ಮ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಹೋದಳು. ಆ ಹೊತ್ತಿನಿಂದ ನನಗೆ ಜೋಮು ಹಿಡಿಯಿತು. ಚಕ್ಕಳಮಕ್ಕಳ ಹಾಕಿ ತುಂಬ ಹೊತ್ತು ಕೂತರೆ ಕಾಲಿಗೆ ಹಿಡಿಯುತ್ತದಲ್ಲ, ಅದು. ಕಾಲು ಇದೆ ಎಂದು ಕಾಣುತ್ತದೆ, ನಮ್ಮದು ಅನಿಸುವುದಿಲ್ಲ. ಆಂಬುಲೆನ್ಸಿನವನಿಗೆ ದಾರಿ ಹೇಳಿದೆ. ಬಜಪೆ ಪೇಟೆಯಲ್ಲಿ ಮಲ್ಲಿಗೆ ಇಲ್ಲ ಎಂದದ್ದಕ್ಕೆ ಹೂವಿನವಳ ಮೇಲೆ ರೇಗಿದೆ. ನೆಂಟರ ಹೆಂಗಸರು ನನ್ನನ್ನು ತಬ್ಬಿ ಅತ್ತರು, ನಾನು ಅವರ ಬೆನ್ನು ಸವರಿದೆ. ಕಲ್ಲು ಮನಸ್ಸು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಕಲ್ಲಾದರೆ ಭಾರವಾದರೂ ಇರುತ್ತಿತ್ತು, ನನ್ನೊಳಗೆ ಅದೂ ಇರಲಿಲ್ಲ.

ಚಿತೆಗೆ ಬೆಂಕಿ ಕೊಟ್ಟದ್ದು ತಮ್ಮನೇ. ಅದಕ್ಕೆ ನನ್ನ ಅಡ್ಡಿ ಇಲ್ಲ, ದೇಹ ಮಣ್ಣಿಗಾದರೇನು, ಬೆಂಕಿಗಾದರೇನು ಎಂದ. ಮಾವನ ಮುಖ ಅರಳಿತು. ಈ ಮಾವ ಅಮ್ಮನ ತಮ್ಮ, ನಮ್ಮ ಕುಟುಂಬದ ಯಜಮಾನ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಬೆಳೆದವರು. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲದವರು. ಬೆಂಕಿ ಕೊಟ್ಟವನು ಕರೆಯದೆ ಇರುತ್ತಾನಾ ಎಂದು ಅವರ ಧೈರ್ಯ.

ಬೊಜ್ಜಕ್ಕೆ ವಾರವಿರುವಾಗ ತಮ್ಮ ಚಾವಡಿಯಲ್ಲಿ ಕೂತು ಹೇಳಿಬಿಟ್ಟ. "ನಾನು ಬರ್ತೇನೆ ಮಾವ. ಚಪ್ಪರ ಹಾಕಿಸ್ತೇನೆ, ಬಡಿಸ್ತೇನೆ, ಎಂಜಲೆಲೆ ಬೇಕಾದ್ರೂ ತೆಗೀತೇನೆ. ಆದ್ರೆ ಅಕ್ಕಿ ಹಿಡಿದು ಕರೀಲಿಕ್ಕೆ ನನ್ನಿಂದ ಆಗುದಿಲ್ಲ."

ಮಾವ ಕನ್ನಡಕ ತೆಗೆದು ಒರೆಸಿದರು. "ನಿನ್ನ ಮನಸ್ಸಲ್ಲಿ ಎಂತ ಉಂಟು ಅಂತ ಯಾರು ಕೇಳಿದ್ದು ಮಾರಾಯ? ಮನಸ್ಸಲ್ಲಿ ಯೇಸುವನ್ನೇ ಇಟ್ಕೋ. ಕೈಯಲ್ಲಿ ಒಂದು ಹಿಡಿ ಅಕ್ಕಿ, ಬಾಯಲ್ಲಿ ಒಂದು ಮಾತು. ಮತ್ತೆ ನಿನ್ನ ದಾರಿ ನಿನಗೆ."

ನನಗೆ ನಗು ಬಂತು. ಅಮ್ಮ ಹೋದ ಮೇಲೆ ಮೊದಲ ಸಲ ನನ್ನೊಳಗಿನಿಂದ ಏನಾದರೂ ಬಂದದ್ದೆಂದರೆ ಆ ನಗು, ಅದೂ ಎಂಥ ಹೊತ್ತಿನಲ್ಲಿ! ಇಬ್ಬರೂ ನನ್ನ ಕಡೆ ತಿರುಗಿದರು.

"ನಗುದೆಂತಕ್ಕೆ? ನೀನಾದ್ರೂ ಹೇಳು ಅವನಿಗೆ," ಎಂದರು ಮಾವ. "ಟಿವಿ ಶೋಕೇಸಿನಲ್ಲಿ ನಿನ್ನ ಪುಸ್ತಕ ಇಟ್ಟಿದ್ದೇನೆ. ಬೇಡ ಅಂದವರು ಅಷ್ಟೇ ಅಲ್ಲ, ಸ್ವಲ್ಪ ಬಗ್ಗಿದವರೂ ಕ್ರಿಶ್ಚಿಯನ್ನರೇ ಅಂತ ನೀನು ಬರ್ದಿದ್ದಿ ಅಂತ ಎಲ್ರೂ ಹೇಳ್ತಾರೆ."

"ಅಕ್ಕ ಬರ್ದದ್ದು ನಾನು ಓದಿದ್ದೇನೆ ಮಾವ," ಎಂದ ತಮ್ಮ. "ಬಗ್ಗಿದವರನ್ನು ಇಗರ್ಜಿಗೆ ವಾಪಸು ಸೇರಿಸಲಿಕ್ಕೆ ಎಷ್ಟು ವರ್ಷ ಅಳಿಸಿದ್ರು ಅಂತ ಸಹ ಅದರಲ್ಲೇ ಉಂಟು. ಹೌದಾ ಅಲ್ವಾ ಅಕ್ಕ?"

ಹೌದು, ಎರಡೂ ನಾನೇ ಬರೆದದ್ದು. ಇಬ್ಬರೂ ನನ್ನ ಪುಸ್ತಕದಿಂದಲೇ ಕೋಲು ಮುರಿದುಕೊಂಡು ಬಂದಿದ್ದರು. ನಾನು ಆ ಕಾಲದಲ್ಲಿ ಬಿಷಪರಲ್ಲೇ ಒಮ್ಮತ ಇರಲಿಲ್ಲ, ಒಂದೊಂದು ಊರಿನಲ್ಲಿ ಒಂದೊಂದು ಕ್ರಮ ಇತ್ತು ಎಂದು ಪಾಠ ಶುರುಮಾಡಿದೆ. ನನ್ನ ದನಿ ನನಗೇ ಮೈಕಿನಲ್ಲಿ ಕೇಳಿದ ಹಾಗೆ ಕೇಳುತ್ತಿತ್ತು. ಮಾವ ಸ್ವಲ್ಪ ಹೊತ್ತು ಕೇಳಿ, "ಅಡ್ಡಗೋಡೆ ಮೇಲೆ ದೀಪ ಇಡ್ಬೇಡ ಮಗಾ," ಎಂದು ಎದ್ದು ಹೋದರು.

ಮಾರನೆಯ ದಿನ ನಾನು ಬಿಕರ್ನಕಟ್ಟೆಯ ತಮ್ಮನ ಮನೆಗೆ ಹೋದೆ. ಅದು ಗುರುವಾರ. ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಬರುವವರ ವಾಹನಗಳಿಂದ ರಸ್ತೆ ಕಟ್ಟಿಹೋಗಿತ್ತು. ಅಲ್ಲಿಗೆ ಹೋಗುವವರಲ್ಲಿ ನಮ್ಮವರೂ ಇದ್ದಾರೆ, ಹರಕೆ ಹೇಳಿ ಮೇಣದ ಬತ್ತಿ ಹಚ್ಚಿ ಬರುತ್ತಾರೆ. ಅಮ್ಮನೂ ತಮ್ಮನ ವೀಸಾಕ್ಕೆಂದು ಒಮ್ಮೆ ಹಚ್ಚಿ ಬಂದಿದ್ದಳು, ದೈವ ಅದಕ್ಕೇನೂ ಕೋಪ ಮಾಡಿಕೊಂಡಿರಲಿಲ್ಲ.

ತಮ್ಮನ ಹೆಂಡತಿ ಚಹಾ ತಂದಿಟ್ಟು ಮಾವನ ಪರವಾಗಿ ಮಾತಾಡಿದಳು. "ನೋಡಿ ಅಕ್ಕ, ನಾನು ಹೇಳಿ ಹೇಳಿ ಸಾಕಾಯ್ತು. ಸತ್ತವರ ಹಬ್ಬಕ್ಕೆ ನಾವು ಸಿಮಿತ್ರಿಗೆ ಹೋಗಿ ಅಪ್ಪನ ಸಮಾಧಿಗೆ ಹೂ ಇಡ್ತೇವೆ, ಮಾತಾಡ್ತೇವೆ. ಅದೆಂತ ಮತ್ತೆ? ಒಂದು ಮಾತು ಕರೆದ್ರೆ ಇವರ ಬಾಯಿ ಬಿದ್ದು ಹೋಗ್ತದಾ?"

"ನೀನು ಸುಮ್ಮನಿರು," ಎಂದ ತಮ್ಮ. ಬೈದದ್ದಲ್ಲ, ಬೇಡಿಕೊಂಡದ್ದು. ಅವಳು ಒಳಗೆ ಹೋದಳು. ಅವನು ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದ. ನಾನು ಪಾಠ ಹೇಳಲಿಲ್ಲ. ಹೇಳುವ ಉತ್ಸಾಹವೂ ಇರಲಿಲ್ಲ.

"ಅಕ್ಕ, ನನಗೆ ಶಿಕ್ಷೆಯ ಹೆದರಿಕೆ ಅಲ್ಲ," ಎಂದ. "ಅಮ್ಮ ಹೋದ ದಿನದಿಂದ ನಾನು ದೇವರಲ್ಲಿ ಒಂದೇ ಕೇಳಿದ್ದು. ಅವಳಿಗೆ ಇದೆಲ್ಲ ಗೊತ್ತಿರ್ಲಿಲ್ಲ, ಅವಳ ಮನಸ್ಸು ನಿನಗೆ ಗೊತ್ತುಂಟಲ್ಲ, ಅವಳನ್ನು ನಿನ್ನ ಹತ್ರ ಕರ್ಕೋ ಅಂತ. ಕರ್ಕೊಂಡಿದ್ದಾನೆ ಅಂತ ನನಗೆ ಧೈರ್ಯ ಬಂದಿದೆ. ಈಗ ನಾನು ಅಂಗಳದಲ್ಲಿ ನಿಂತು, ಅಮ್ಮ ಬಾ, ಕತ್ತಲೆ ಕೋಣೆಯಲ್ಲಿ ಅಜ್ಜ ಅಜ್ಜಿ ಒಟ್ಟಿಗೆ ಕೂತ್ಕೋ ಅಂತ ಕರೆದ್ರೆ? ನಾನು ಕರೆದ್ರೆ ಅವಳು ಬಂದೇ ಬರ್ತಾಳೆ ಅಕ್ಕ. ಅಲ್ಲಿಂದ ಇಳಿದು ಬರ್ತಾಳೆ. ಅವಳನ್ನು ನಾನೇ ಇಳಿಸಿದ ಹಾಗೆ ಆಗುದಿಲ್ವಾ?"

ಇಷ್ಟು ವರ್ಷ ನಾನು ಧೂಪ ಹಾಕದವರ ಬಗ್ಗೆ ಓದಿದ್ದೆ. ಹಟ ಎಂದು ಕೆಲವರು ಬರೆದಿದ್ದಾರೆ, ನಿಷ್ಠೆ ಎಂದು ಕೆಲವರು, ರಾಜಕೀಯ ಪ್ರತಿರೋಧ ಎಂದು ಹೊಸಬರು. ಬೇರೆಯವರಿಗಾಗಿ ಹೀಗೆ ಹೆದರಿದವನೂ ಅವರಲ್ಲಿ ಇದ್ದಿರಬಹುದು ಎಂದು ಯಾರೂ ಬರೆದದ್ದನ್ನು ನಾನು ಓದಿರಲಿಲ್ಲ. ಇದು ಒಳ್ಳೆಯ ಅಂಶ, ಎಲ್ಲಾದರೂ ಸೇರಿಸಬೇಕು ಎಂದು ಯೋಚಿಸಿದೆ. ಎದುರಿಗೆ ನನ್ನ ತಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದ, ನಾನು ಅಡಿಟಿಪ್ಪಣಿಯ ಯೋಚನೆ ಮಾಡುತ್ತಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯ ಆಗಬೇಕಿತ್ತು, ಅದೂ ಆಗಲಿಲ್ಲ.

ಬಜಪೆಗೆ ಹೋಗಿ ಮಾವನಿಗೆ ಇದನ್ನು ಇದ್ದ ಹಾಗೇ ಹೇಳಿದೆ. ಅವರು ಕೋಪ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಅಂಗಳದ ಕಡೆ ನೋಡಿದರು. ಬೇಸಗೆ, ಅಂಗಳ ಬಿಸಿಲಿಗೆ ಹೆಂಚಿನ ಹಾಗೆ ಕಾಯುತ್ತಿತ್ತು.

"ಅವನಿಗೆ ಅವಳು ಮೇಲೆ ಇದ್ದಾಳೆ ಅಂತ ಧೈರ್ಯ. ನನಗೆ ಆ ಧೈರ್ಯ ಇಲ್ವಲ್ಲ ಮಗಾ," ಎಂದರು. "ನನಗೆ ಅವಳು ಇಲ್ಲೇ ಕಾಣುದು. ಈ ಬಿಸಿಲಲ್ಲಿ ನಿಂತು, ಯಾರಾದ್ರೂ ಕರೀತಾರಾ ಅಂತ ಬಾಗಿಲಿನ ಕಡೆ ನೋಡ್ತಾ ಇದ್ದಾಳೆ. ಅವಳಿಗೆ ಬಿಸಿಲು ಆಗ್ತಿರ್ಲಿಲ್ಲ, ನಿನಗೆ ಗೊತ್ತುಂಟಲ್ಲ."

ಹಾರ್ಡ್‌ವೇರ್ ಅಂಗಡಿಯ ಆ ದೊಡ್ಡ ಮನುಷ್ಯ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡರು. ಒಬ್ಬ ಅವಳು ಕೆಳಗೆ ಬಂದಾಳೆಂದು ಹೆದರಿದ್ದ, ಇನ್ನೊಬ್ಬರು ಅವಳು ಹೊರಗೆ ಉಳಿದಾಳೆಂದು. ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಅವಳು ಎಲ್ಲಿಯೂ ಇಲ್ಲ ಎಂದು ಅಂದುಕೊಂಡವಳಿಗೆ ಹೆದರಲು ಏನು ಉಂಟು?

ಆಮೇಲೆ ಮಾವ ವ್ಯಾಪಾರದ ದನಿಯಲ್ಲಿ ಕೇಳಿದರು. "ನಿನ್ನ ಪುಸ್ತಕದವರು ಇಂಥದ್ದಕ್ಕೆ ಎಂತ ಮಾಡ್ತಿದ್ರು?"

"ಕೆಲವರು ತಮ್ಮ ಬದಲಿಗೆ ಬೇರೆಯವರನ್ನು ಕಳಿಸ್ತಿದ್ರು. ಆಳುಗಳನ್ನು, ಇಲ್ಲದಿದ್ರೆ ಪರಿಚಯದವರನ್ನು. ಇಂಥವನು ಬಲಿ ಕೊಟ್ಟಿದ್ದಾನೆ ಅಂತ ಅವರು ಹೋಗಿ ಬರೆಸಿಕೊಂಡು ಬರ್ತಿದ್ರು."

"ಅದು ನಡೀತಿತ್ತಾ?"

"ಅಧಿಕಾರಿಗಳಿಗೆ ನಡೀತಿತ್ತು."

"ಹಾಗಾದ್ರೆ ಆಯ್ತು," ಎಂದರು ಮಾವ. "ನೀನು ನಿನ್ನ ಪಾಲಿಂದು ಕರೆ. ಆಮೇಲೆ ಅವನ ಪಾಲಿಂದೂ ಕರೆ. ಅಮ್ಮ, ಮಗ ಕರೀತಿದ್ದಾನೆ ಅಂತ ಹೇಳು."

"ಮಾವ, ಅದು ಸುಳ್ಳಲ್ವಾ?"

"ಸತ್ತವರಿಗೆ ಏನೂ ಕೇಳುದಿಲ್ಲ ಅಂತ ನಿನ್ನ ಲೆಕ್ಕ. ಕೇಳದವರಿಗೆ ಸುಳ್ಳು ಹೇಳ್ಲಿಕ್ಕೆ ನಿನಗೆ ಎಂತ ಕಷ್ಟ?"

ಆಯ್ತು ಎಂದೆ. ವೈವಾಗಳಲ್ಲಿ ಎಷ್ಟೋ ಮಕ್ಕಳ ಬಾಯಿ ಕಟ್ಟಿಸಿದವಳು ನಾನು.

ಬೊಜ್ಜದ ದಿನ ತಮ್ಮ ಹೇಳಿದ ಹಾಗೆ ನಡೆದುಕೊಂಡ. ಬೆಳಿಗ್ಗೆ ಬಂದು ಚಪ್ಪರದವರ ಬೆನ್ನು ಹತ್ತಿ ಕೆಲಸ ಮಾಡಿಸಿದ. ಅಡಿಗೆಯವರಿಗೆ ನೀರು ಹೊತ್ತ. ಅವನ ಹೆಂಡತಿ ನಮ್ಮ ಹೆಂಗಸರೊಟ್ಟಿಗೆ ಕೂತು ತೆಂಗಿನಕಾಯಿ ತುರಿದಳು, ಬಂಗುಡೆ ಮೀನಿನ ಪುಳಿಮುಂಚಿ ಸಾರಿಗೆ ಹುಳಿ ಸಾಲದು ಎಂದು ಅಡಿಗೆಯವನ ಹತ್ತಿರ ವಾದ ಮಾಡಿದಳು. ಅಮ್ಮನಿಗೆ ಬಂಗುಡೆಗೆ ಹುಳಿ ಹೆಚ್ಚು ಬೇಕು. ಒಳಕೋಣೆಯಲ್ಲಿ ಬಡಿಸುವ ಹೊತ್ತಾದಾಗ ತಮ್ಮ ಯಾರಿಗೂ ಹೇಳದೆ ಗೇಟಿನ ಹೊರಗೆ ಹೋಗಿ ನಿಂತ. ಯಾರೂ ಅವನನ್ನು ತಡೆಯಲಿಲ್ಲ, ಒತ್ತಾಯ ಮಾಡಬಾರದು ಎಂದು ಮಾವ ಎಲ್ಲರಿಗೂ ಹೇಳಿಟ್ಟಿದ್ದರು.

ನಾನು ಹಿಡಿ ಅಕ್ಕಿ ಹಿಡಿದು ಅಂಗಳಕ್ಕೆ ಇಳಿದೆ. ಕಾಲು ಸುಟ್ಟಿತು. ಹಿಂದೆ ನೆಂಟರೆಲ್ಲ ಜಗಲಿಯಲ್ಲಿ ನಿಂತಿದ್ದರು. ಮಾವ ದೀಪ ಹಿಡಿದು ಬಾಗಿಲಿನ ಪಕ್ಕಕ್ಕೆ ಸರಿದರು, ಬರುವವರಿಗೆ ದಾರಿ ಬಿಡುವ ಹಾಗೆ. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಪಕ್ಕದ ನಿಲ್ದಾಣಕ್ಕೆ ಬರುವ ಮಧ್ಯಾಹ್ನದ ವಿಮಾನ ತಲೆಯ ಮೇಲೆಯೇ ಇಳಿಯತೊಡಗಿತು. ವಿಮಾನ ಬಂದರೆ ಮಾತು ನಿಲ್ಲಿಸುವುದು ಬಜಪೆಯವರ ಅಭ್ಯಾಸ. ಮಂತ್ರವಿರಲಿ, ಜಗಳವಿರಲಿ, ಎಲ್ಲರೂ ನಿಲ್ಲಿಸಿ ಕಾಯುತ್ತೇವೆ. ಕಾದೆವು. ಅದು ಹೋಯಿತು.

"ಅಮ್ಮಾ, ಉಲಾಯಿ ಬಲೆ," ಎಂದೆ. ತುಳುವಿನಲ್ಲಿ ಒಳಗೆ ಬನ್ನಿ ಎಂದು. ಅಕ್ಕಿ ಹಾಕಿದೆ. ನನ್ನ ಪಾಲಿನದ್ದು ಮುಗಿಯಿತು.

ಎರಡನೆಯ ಹಿಡಿ ಮಾವ ಕೊಟ್ಟರು. ಗೇಟಿನ ಕಡೆ ನೋಡಬಾರದು ಎಂದುಕೊಂಡಿದ್ದೆ, ನೋಡಿದೆ. ತಮ್ಮ ಗೇಟಿನ ಕಂಬಿ ಹಿಡಿದು ನಮ್ಮ ಕಡೆಗೇ ತಿರುಗಿ ನಿಂತಿದ್ದ. ನಾನು ಏನು ಹೇಳಲಿದ್ದೇನೆ ಎಂದು ಅವನಿಗೆ ತಿಳಿಸಿರಲಿಲ್ಲ. ಬೇಡ ಎಂದು ಅವನು ಕೈ ಎತ್ತಿದ್ದರೆ ನಾನು ಅಕ್ಕಿಯನ್ನು ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದೆ, ಅದು ಖಂಡಿತ.

"ಅಮ್ಮಾ," ಎಂದೆ. "ಮಗ ಕರೀತಿದ್ದಾನೆ. ಒಳಗೆ ಬಾ."

ಅದು ಅವನಿಗೆ ಕೇಳಿಸಿತು. ಕೈ ಎತ್ತಲಿಲ್ಲ. ತಲೆ ತಗ್ಗಿಸಿದ, ಅಷ್ಟೆ. ನಾನು ಅಕ್ಕಿ ಹಾಕಿದೆ.

ಒಳಗೆ ಹೋಗಿ ಅಮ್ಮನ ಎಲೆಗೆ ಬಡಿಸಿ ಹೊರಗೆ ಬಂದು ಬಾಗಿಲು ಹಾಕಿಕೊಂಡೆವು. ಅವರು ಉಣ್ಣುವಾಗ ನಾವು ನೋಡಬಾರದು. ಎಲ್ಲರೂ ಪಿಸುದನಿಯಲ್ಲಿ ಮಾತಾಡಿದರು. ಮಾವ ಕೆಮ್ಮಿ, ಬಾಗಿಲು ತಟ್ಟಿ, ತೆರೆದು ಒಳಗೆ ಹೋದರು. ಹೊರಗೆ ಬಂದು, "ತನ್ನವರೊಟ್ಟಿಗೆ ಸೇರಿಯಾಯ್ತು. ಇನ್ನು ನಮ್ಮ ಊಟ," ಎಂದರು. ಜಗಲಿಯಲ್ಲಿ ಇದ್ದವರ ಮೈ ಸಡಿಲಾಯಿತು. ಬಡಿಸುವವರು ಬಕೆಟ್ಟು ಹಿಡಿದು ಓಡಾಡತೊಡಗಿದರು.

ನಾನು ಗೇಟಿಗೆ ಹೋದೆ. ತಮ್ಮ ಸಿಟ್ಟಾಗಿರುತ್ತಾನೆ, ನನ್ನ ಹೆಸರು ಯಾಕೆ ಹಿಡಿದೆ ಎಂದು ಕೇಳುತ್ತಾನೆ ಎಂದು ತಯಾರಾಗಿ ಹೋಗಿದ್ದೆ. ಕೇಳಿದರೆ ಕೊಡಲು ನನ್ನ ಹತ್ತಿರ ಹಳೆಯ ಬಿಷಪರ ತೀರ್ಪುಗಳು ಇದ್ದವು. ತಾನೇ ಮಾಡಿದವನಿಗೆ ಒಂದು ಲೆಕ್ಕ, ಇನ್ನೊಬ್ಬರನ್ನು ಕಳಿಸಿದವನಿಗೆ ಒಂದು ಲೆಕ್ಕ, ನೀನು ಕಳಿಸಿಯೂ ಇಲ್ಲ ಎಂದು ಹೇಳುವವಳಿದ್ದೆ.

ಅವನು ಅದೇನನ್ನೂ ಕೇಳಲಿಲ್ಲ. ಕಂಬಿಯ ಆ ಕಡೆಯಿಂದ ಮುಖ ಹತ್ತಿರ ತಂದು, ಬೇರೆ ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ ಕೇಳಿದ.

"ಅಕ್ಕ, ಅಮ್ಮ ಒಳಗೆ ಬಂದಳಾ?"

ವಿದ್ಯಾರ್ಥಿಗಳು ಆಧಾರವಿಲ್ಲದೆ ಒಂದು ಸಾಲು ಬರೆದರೆ ಪುಟ ಹರಿದು ಕೊಡುತ್ತಿದ್ದವಳು ನಾನು. "ಬಂದಳು," ಎಂದೆ.

ಅವನ ಅಳುವಿನ ಕಟ್ಟೆ ಒಡೆಯಿತು. ಕಂಬಿಗೆ ಹಣೆ ಇಟ್ಟು ಜೋರಾಗಿಯೇ ಅತ್ತ. ಅಳುತ್ತಲೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಅವಳು ಇಳಿದು ಬಂದಾಳೆಂದು ಹೆದರಿದ್ದವನೇ, ಸದ್ಯ, ದೇವರು ದೊಡ್ಡವ ಎಂದ. ಅವನ ಹೆಂಡತಿ ಓಡಿ ಬಂದು ಅವನನ್ನು ಹಿಡಿದುಕೊಂಡಳು. ಅವನಿಗೆ ಸಮಾಧಾನವಾದದ್ದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಹೇಳಲು ನಾಚಿಕೆ ಇಲ್ಲ. ಅಷ್ಟು ದಿನದಲ್ಲಿ ನನಗೆ ಸರಿಯಾಗಿ ಗುರುತು ಹಿಡಿಯಲು ಸಿಕ್ಕಿದ ಭಾವನೆ ಅದೊಂದೇ.

ನಾನು ಮನೆಯೊಳಗೆ ಹೋದೆ. ಮಾವ ಒಳಕೋಣೆಯಲ್ಲಿ ಒಬ್ಬರೇ, ದೀಪಕ್ಕೆ ಎಣ್ಣೆ ಬಿಡುತ್ತಿದ್ದರು. ಅಮ್ಮನ ಎಲೆಯಲ್ಲಿ ಅನ್ನ, ಬಂಗುಡೆ, ಎಲ್ಲ ಬಡಿಸಿದ ಹಾಗೇ ಇತ್ತು. ಹಾಗೇ ಇರುತ್ತದೆ ಎಂದು ನನಗೆ ಗೊತ್ತಿತ್ತು.

"ಮಾವ," ಎಂದೆ. "ನಿಜವಾಗಿ ಬಂದಳಾ?"

ಅವರು ಎಣ್ಣೆಯ ಗಿಂಡಿ ಕೆಳಗಿಟ್ಟು ನನ್ನನ್ನು ನೋಡಿದರು. ತಮಾಷೆಗೆ ಕೇಳಿದ್ದಲ್ಲ ಎಂದು ಅವರಿಗೆ ಅರ್ಥವಾಯಿತು.

"ಕರೆದದ್ದು ನೀನಲ್ವಾ ಮಗಾ? ಪಕ್ಕದಲ್ಲೇ ದಾಟಿ ಹೋಗುವಾಗ ನಿನಗೇ ಗೊತ್ತಾಗಿರ್ಬೇಕು."

ನನಗೆ ಏನೂ ಗೊತ್ತಾಗಿರಲಿಲ್ಲ.